ಸುಣ್ಣದ ಭಟ್ಟಿ ಮತ್ತು ‘ಇಂಗಾಲ’: ಕಾಗಿಣಾ ದಂಡೆಯ ಜನಭಾಷೆಯಲ್ಲಿ ಭೂತಾಪದ ಕಾರಣಗಳ ತಿಳಿವಳಿಕೆ

೧. ಪ್ರವೇಶ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ದಂಡೋತಿ, ಕಾಗಿಣಾ ನದಿಯ ದಂಡೆಯ ಮೇಲಿನ ಗ್ರಾಮ. ಇದರ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿಗಳ ಪ್ರದೇಶವು ಎರಡು ವಸ್ತುಗಳಿಗೆ ಹೆಸರಾಗಿದೆ. ಹೊಲದ ಮೇಲೆ ಬೆಳೆಯುವ ತೊಗರಿ ಒಂದು. ಹೊಲದ ಕೆಳಗಿರುವ ಸುಣ್ಣಕಲ್ಲು ಇನ್ನೊಂದು. ತೊಗರಿಯ ಬದುಕು ಮಳೆಯನ್ನು ನಂಬಿದೆ. ಸುಣ್ಣಕಲ್ಲು ಸಿಮೆಂಟಾಗುವಾಗ ಹೊರಬೀಳುವ ಅನಿಲವು ಜಗತ್ತಿನ ಮಳೆ-ಬಿಸಿಲುಗಳ ಕ್ರಮವನ್ನು ಕದಲಿಸುವ ಕಾರಣಗಳಲ್ಲಿ ಒಂದಾಗಿದೆ. ಹೀಗೆ ಭೂತಾಪದ ಏರಿಕೆಗೆ ಕಾರಣವಾಗುವ ಉದ್ಯಮವೂ ಅದರ ಪರಿಣಾಮವನ್ನು ಉಣ್ಣುವ ಕೃಷಿಯೂ ಒಂದೇ ನೆಲದಲ್ಲಿ ಕೂಡಿರುವ ಅಪರೂಪದ ಪ್ರದೇಶವಿದು.

ಇಂತಹ ಪ್ರದೇಶದ ಜನಭಾಷೆಯಲ್ಲಿ ಭೂತಾಪದ ಏರಿಕೆ ಹಾಗೂ ಅದರ ಕಾರಣಗಳು ಯಾವ ಮಾತುಗಳಲ್ಲಿ ನೆಲೆಗೊಂಡಿವೆ, ಆ ಮಾತುಗಳು ತಿಳಿವಳಿಕೆಗೆ ಎಷ್ಟರಮಟ್ಟಿಗೆ ನೆರವಾಗುತ್ತವೆ, ಎಲ್ಲಿ ಅಡ್ಡಿಯಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜನರಲ್ಲಿ ಅನುಭವದ ಕೊರತೆಯಿಲ್ಲ. ಅನುಭವವನ್ನು ಕಾರಣದೊಂದಿಗೆ ಜೋಡಿಸುವ ಪದಗಳು ದಾರಿ ತಪ್ಪಿಸುತ್ತಿವೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

೨. ಅನುಭವ ಮತ್ತು ಹೆಸರು

ಯೇಲ್ ವಿಶ್ವವಿದ್ಯಾಲಯವು ಸಿವೋಟರ್ ಸಂಸ್ಥೆಯೊಡನೆ ಭಾರತದಲ್ಲಿ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಫಲಿತಾಂಶ ಈ ಸಂದರ್ಭದಲ್ಲಿ ಗಮನಾರ್ಹವಾಗಿದೆ. ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ತಮಗೆ ಸ್ವಲ್ಪವೇ ಗೊತ್ತು ಅಥವಾ ಆ ಮಾತನ್ನೇ ಕೇಳಿಲ್ಲ ಎಂದವರು ಶೇ. ೫೪. ಆದರೆ ಅದರ ಅರ್ಥವನ್ನು ಎರಡು ಮಾತಿನಲ್ಲಿ ವಿವರಿಸಿದ ಮೇಲೆ, ಅದು ನಡೆಯುತ್ತಿದೆ ಎಂದು ಒಪ್ಪಿದವರು ಶೇ. ೮೪. ಅಂದರೆ ಸಂಗತಿ ತಿಳಿದಿತ್ತು, ಹೆಸರು ತಿಳಿದಿರಲಿಲ್ಲ. ಕಾರಣದ ಪ್ರಶ್ನೆಗೆ ಬಂದಾಗ ಒಮ್ಮತ ಸಡಿಲವಾಗುತ್ತದೆ. ಮುಖ್ಯವಾಗಿ ಮನುಷ್ಯನ ಚಟುವಟಿಕೆಗಳೇ ಕಾರಣವೆಂದವರು ಶೇ. ೫೭, ಪ್ರಕೃತಿಸಹಜ ಬದಲಾವಣೆಯೆಂದವರು ಶೇ. ೩೧.

ನಮ್ಮ ಭಾಗದ ರೈತನಿಗೆ ಮಳೆಯ ಲೆಕ್ಕ ನಕ್ಷತ್ರಗಳ ಲೆಕ್ಕ. ಮೃಗಶಿರ, ಆರಿದ್ರಾ ಮಳೆಗಳು ಕೈಕೊಟ್ಟರೆ ಬಿತ್ತನೆ ಹಿಂದೆ ಬೀಳುತ್ತದೆ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಸುರಿದರೆ ರಾಶಿ ಹಾಳಾಗುತ್ತದೆ. ಈ ಕ್ರಮಭಂಗವನ್ನು ಹೇಳಲು ಜನರು ಬಳಸುವ ಮಾತು ‘ಕಾಲ ಕೆಟ್ಟದ’ ಎಂಬುದು. ‘ಕಾಲ’ ಪದಕ್ಕೆ ಸಮಯ, ಋತು, ಯುಗಧರ್ಮ ಎಂಬ ಅರ್ಥಗಳಿವೆ. ಆದ್ದರಿಂದ ‘ಕಾಲ ಕೆಟ್ಟದ’ ಎಂದಾಗ ಮಳೆಯ ವ್ಯತ್ಯಯವೂ ಜನರ ನಡತೆಯ ಕೇಡೂ ಒಟ್ಟಿಗೆ ಧ್ವನಿಸುತ್ತವೆ. ಮನುಷ್ಯರ ತಪ್ಪಿನಿಂದ ಋತು ಕೆಡುತ್ತದೆ ಎಂಬ ಭಾವ ಇದರಲ್ಲಿದೆ. ಯಾವ ತಪ್ಪು, ಯಾವ ಮಾರ್ಗದಿಂದ ಎಂಬ ವಿವರ ಇಲ್ಲ. ಆ ತೆರವನ್ನು ತುಂಬಬೇಕಾದದ್ದು ಶಾಸ್ತ್ರಭಾಷೆ.

೩. ಶಾಸ್ತ್ರಪದಗಳ ತೊಡಕು

ಶಾಸ್ತ್ರಭಾಷೆ ಈ ಕೆಲಸವನ್ನು ಪೂರ್ಣವಾಗಿ ಮಾಡಿಲ್ಲ. ಇಲ್ಲಿ ಮೂರು ಪದಗಳನ್ನು ಪರಿಶೀಲಿಸಬಹುದು.

ಮೊದಲನೆಯದು ‘ಹವಾಮಾನ’. ನಾಳೆ ಮಳೆ ಬರುವುದೇ ಎಂದು ತಿಳಿಸುವುದು ಹವಾಮಾನ ಇಲಾಖೆ. ಹತ್ತಾರು ವರ್ಷಗಳ ಸರಾಸರಿ ಬದಲಾಗುವುದನ್ನೂ ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದೇ ಕರೆಯುತ್ತವೆ. ಪಠ್ಯಪುಸ್ತಕಗಳಲ್ಲಿ ಎರಡನೆಯ ಅರ್ಥಕ್ಕೆ ‘ವಾಯುಗುಣ’ ಎಂಬ ಪದವಿದ್ದರೂ ಅದು ಶಾಲೆಯ ಹೊಸ್ತಿಲು ದಾಟಲಿಲ್ಲ. ಇದರ ಫಲವಾಗಿ ಒಂದು ಬೇಸಿಗೆ ತಂಪಾಗಿದ್ದರೆ ‘ಬದಲಾವಣೆ ಸುಳ್ಳು’ ಎಂಬ ತೀರ್ಮಾನಕ್ಕೂ, ಒಂದು ಪ್ರವಾಹ ಬಂದರೆ ಅದೊಂದೇ ಸಾಕ್ಷಿಯೆಂಬ ತೀರ್ಮಾನಕ್ಕೂ ಅವಕಾಶವಾಗುತ್ತದೆ. ೨೦೨೦ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಜಿಲ್ಲೆಯನ್ನು ಮುಳುಗಿಸಿದ್ದು ಒಂದು ಘಟನೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. ೭ರಷ್ಟು ಹೆಚ್ಚುತ್ತದೆ ಎಂಬುದು ನಿಯಮ. ಘಟನೆಯನ್ನು ನಿಯಮದ ಬೆಳಕಿನಲ್ಲಿ ನೋಡಬೇಕೇ ಹೊರತು ಒಂದನ್ನು ಇನ್ನೊಂದರ ಸ್ಥಾನದಲ್ಲಿ ಇಡಲಾಗದು.

ಎರಡನೆಯದು ‘ಹಸಿರುಮನೆ ಅನಿಲ’. ಶೀತದೇಶಗಳಲ್ಲಿ ಗಿಡಗಳನ್ನು ಕಾಪಾಡಲು ಕಟ್ಟುವ ಗಾಜಿನ ಮನೆಯಿಂದ ಬಂದ ರೂಪಕವಿದು. ಬಿಸಿಲೇ ಹೆಚ್ಚಾಗಿರುವ ನಾಡಿನಲ್ಲಿ ಅದರ ಅನುಭವವಿಲ್ಲ. ‘ಹಸಿರು’ ಎಂದರೆ ಕನ್ನಡಿಗನ ಕಿವಿಗೆ ಬೆಳೆ, ತಂಪು, ಸಮೃದ್ಧಿ. ‘ಮನೆ’ ಎಂದರೆ ಆಸರೆ. ಕೇಡನ್ನು ಸೂಚಿಸಬೇಕಾದ ಪದ ಒಳಿತನ್ನು ಸೂಚಿಸುತ್ತದೆ. ಕನ್ನಡ-ಸಂಸ್ಕೃತ ಪದಗಳನ್ನು ಎಲ್ಲಿ ಕೂಡಿಸಬಹುದು, ಎಲ್ಲಿ ಕೂಡದು ಎಂಬ ಚರ್ಚೆಯನ್ನು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಮಾಡಿತು. ಆ ಕೃತಿ ಹುಟ್ಟಿದ ರಾಷ್ಟ್ರಕೂಟರ ಆಸ್ಥಾನವಿದ್ದ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಕಾಗಿಣಾ ದಂಡೆಯಲ್ಲಿದೆ. ಪದಸಂಯೋಜನೆಯ ಔಚಿತ್ಯವು ಅಲಂಕಾರಶಾಸ್ತ್ರದ ವಿಷಯವಷ್ಟೇ ಆಗಿರದೆ ತಿಳಿವಳಿಕೆಯ ವಿಷಯವೂ ಆಗಿದೆ ಎಂಬುದಕ್ಕೆ ‘ಹಸಿರುಮನೆ ಅನಿಲ’ ಉದಾಹರಣೆಯಾಗಬಲ್ಲದು.

ಮೂರನೆಯದು, ಈ ಪ್ರದೇಶದ ಮಟ್ಟಿಗೆ ಅತಿ ಮುಖ್ಯವಾದುದು, ‘ಇಂಗಾಲ’. ಸಂಸ್ಕೃತದ ‘ಅಂಗಾರ’ದಿಂದ ಬಂದ ಈ ತದ್ಭವಕ್ಕೆ ಕೆಂಡ, ಇದ್ದಿಲು ಎಂಬ ಅರ್ಥಗಳಿವೆ. ‘ಇಂಗಾಲದ ಡೈ ಆಕ್ಸೈಡ್’ ಎಂದೊಡನೆ ಕಣ್ಣಮುಂದೆ ಬರುವುದು ಕಪ್ಪು ಹೊಗೆ. ನಿಜದಲ್ಲಿ ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾವು ಬಿಡುವ ಉಸಿರಿನಲ್ಲಿ ಅದಿದೆ. ಬೆಳ್ಳಗಿನ ಸುಣ್ಣಕಲ್ಲಿನಲ್ಲಿಯೂ ಇಂಗಾಲ ಅಡಗಿದೆಯೆಂಬುದನ್ನು ಈ ಪದ ಮರೆಮಾಡುತ್ತದೆ.

೪. ಧೂಳು, ಹೊಗೆ, ಅನಿಲ

ಶಹಾಬಾದಿನ ಪರ್ಸಿ ಕಲ್ಲು ಮನೆಯ ನೆಲಹಾಸಾಗಿ ದೂರದ ಊರುಗಳಿಗೂ ಹೋಗಿದೆ. ಈ ಕಲ್ಲಿನ ಆಧಾರದ ಮೇಲೆ ಸಿಮೆಂಟ್ ಉದ್ಯಮ ಬೆಳೆಯಿತು. ೧೯೩೬ರಲ್ಲಿ ಎಸಿಸಿ ಕಂಪನಿ ರೂಪುಗೊಂಡಾಗ ಅದರಲ್ಲಿ ವಿಲೀನವಾದವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ವಾಡಿಯ ಕಾರ್ಖಾನೆ ೧೯೬೮ರಲ್ಲಿ ಆರಂಭವಾಯಿತು. ೧೯೮೦ರ ದಶಕದಲ್ಲಿ ಸೇಡಂ ಮತ್ತು ಮಳಖೇಡಗಳಲ್ಲಿ, ೨೦೧೦ರ ದಶಕದಲ್ಲಿ ಚಿತ್ತಾಪುರ ತಾಲೂಕಿನ ಇಟಗಾ, ಸೇಡಂ ತಾಲೂಕಿನ ಕೋಡ್ಲಾ, ಚಿಂಚೋಳಿ ತಾಲೂಕಿನ ಛತ್ರಸಾಲಗಳಲ್ಲಿ ಕಾರ್ಖಾನೆಗಳು ಬಂದವು.

ಕಾರ್ಖಾನೆ ಎಂದರೆ ಜನರಿಗೆ ಮೊದಲು ಎದುರಾಗುವುದು ಧೂಳು. ಬೆಳೆಯ ಎಲೆಯ ಮೇಲೆ, ಮನೆಯ ಮಾಳಿಗೆಯ ಮೇಲೆ ಅದು ಕೂರುತ್ತದೆ, ಕೆಮ್ಮು ತರುತ್ತದೆ. ಧೂಳಿನ ವಿರುದ್ಧದ ದೂರು ನ್ಯಾಯವಾದುದು. ಆದರೆ ಧೂಳು ಮತ್ತು ಇಂಗಾಲದ ಡೈ ಆಕ್ಸೈಡ್ ಬೇರೆ ಬೇರೆ. ಧೂಳು ಹತ್ತಿರದ ನೆಲಕ್ಕೆ ಬೀಳುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಅನಿಲವು ಜಗತ್ತಿನ ವಾಯುಮಂಡಲದಲ್ಲೆಲ್ಲ ಬೆರೆಯುತ್ತದೆ. ಅದರ ಒಂದು ಭಾಗ ನೂರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಚಿಮಣಿಗೆ ಧೂಳು ಹಿಡಿಯುವ ಸಾಧನ ಅಳವಡಿಸಿದರೆ ಧೂಳು ತಗ್ಗುತ್ತದೆ, ಅನಿಲ ತಗ್ಗುವುದಿಲ್ಲ. ಎರಡನ್ನೂ ‘ಮಾಲಿನ್ಯ’ ಎಂಬ ಒಂದೇ ಪದದಲ್ಲಿ ಕಟ್ಟಿದಾಗ, ಧೂಳು ಕಾಣದಾದ ದಿನ ಸಮಸ್ಯೆ ತೀರಿತೆಂಬ ಭ್ರಮೆ ಉಂಟಾಗುತ್ತದೆ.

ಇದೇ ಬಗೆಯ ಇನ್ನೊಂದು ಬೆರಕೆ ಓಝೋನ್ ಪದರಕ್ಕೆ ಸಂಬಂಧಿಸಿದ್ದು. ಪದರಕ್ಕೆ ತೂತು ಬಿದ್ದು ಬಿಸಿಲು ಹೆಚ್ಚು ಇಳಿಯುವುದರಿಂದ ಭೂಮಿ ಕಾಯುತ್ತದೆಯೆಂಬ ವಿವರಣೆ ವಿದ್ಯಾವಂತರಲ್ಲಿಯೂ ರೂಢಿಯಲ್ಲಿದೆ. ಓಝೋನ್ ನಾಶಕ್ಕೆ ಮುಖ್ಯ ಕಾರಣ ಕ್ಲೋರೋಫ್ಲೋರೋಕಾರ್ಬನ್ನುಗಳು. ೧೯೮೭ರ ಮಾಂಟ್ರಿಯಲ್ ಒಪ್ಪಂದದಿಂದ ಅವುಗಳ ಬಳಕೆಗೆ ಕಡಿವಾಣ ಬಿದ್ದಿತು. ಭೂತಾಪದ ಏರಿಕೆಯಲ್ಲಿ ಒಳಬರುವ ಬಿಸಿಲು ಹೆಚ್ಚುವುದು ಮುಖ್ಯವಲ್ಲ, ಹೊರಹೋಗಬೇಕಾದ ಶಾಖ ತಡೆಯಲ್ಪಡುವುದು ಮುಖ್ಯ.

೫. ಭಟ್ಟಿಯ ಪಾಠ

ಸುಣ್ಣದ ಭಟ್ಟಿಯನ್ನು ಕಂಡವರಿಗೆ ಒಂದು ಸಂಗತಿ ತಿಳಿದಿದೆ: ಸುಟ್ಟ ಸುಣ್ಣ ಕಲ್ಲಿಗಿಂತ ಹಗುರ. ಶುದ್ಧವಾದ ೧೦೦ ಕಿಲೋ ಸುಣ್ಣಕಲ್ಲನ್ನು ಪೂರ್ಣವಾಗಿ ಸುಟ್ಟರೆ ಉಳಿಯುವುದು ೫೬ ಕಿಲೋ ಸುಣ್ಣ. ಉಳಿದ ೪೪ ಕಿಲೋ ಎಲ್ಲಿ ಹೋಯಿತು? ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ೧೭೫೦ರ ದಶಕದಲ್ಲಿ ಈ ತೂಕದ ನಷ್ಟವನ್ನು ಬೆನ್ನುಹತ್ತಿ, ಕಲ್ಲಿನಲ್ಲಿ ಬಂಧಿತವಾಗಿದ್ದ ಒಂದು ಗಾಳಿ ಹೊರಬಿದ್ದಿದೆಯೆಂದು ತೋರಿಸಿದನು. ಅದೇ ಇಂಗಾಲದ ಡೈ ಆಕ್ಸೈಡ್.

ಸಿಮೆಂಟ್ ಕಾರ್ಖಾನೆ ಈ ಭಟ್ಟಿಯ ಬೃಹತ್ ರೂಪ. ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಲ್ಲು ಅನಿಲವನ್ನು ಬಿಟ್ಟುಕೊಡುತ್ತದೆ. ಮುಂದೆ ಸುಮಾರು ೧೪೫೦ ಡಿಗ್ರಿಯಲ್ಲಿ ಕ್ಲಿಂಕರ್ ಆಗುತ್ತದೆ. ಒಂದು ಟನ್ ಕ್ಲಿಂಕರಿಗೆ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ತುಸು ಹೆಚ್ಚು ಅನಿಲ ಹೊರಬೀಳುತ್ತದೆ. ಭಟ್ಟಿ ಉರಿಸುವ ಕಲ್ಲಿದ್ದಲಿನದು ಇದಕ್ಕೆ ಹೊರತು. ಒಟ್ಟು ಅನಿಲದಲ್ಲಿ ಕಲ್ಲಿನ ಪಾಲು ಸುಮಾರು ಶೇ. ೬೦. ಜಗತ್ತಿನ ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. ೭ರಿಂದ ೮. ಹೊಗೆಯೇ ಕಾರಣವೆಂದು ತಿಳಿದವರ ಲೆಕ್ಕದಿಂದ, ಈ ನೆಲದ ಉದ್ಯಮದ ಮಟ್ಟಿಗೆ, ಅರ್ಧಕ್ಕಿಂತ ಹೆಚ್ಚಿನ ಕಾರಣ ಬಿಟ್ಟುಹೋಗುತ್ತದೆ. ೫೦ ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂಡಿಕೊಂಡ ಇಂಗಾಲವನ್ನು ನಾವು ಕೆಲವೇ ದಶಕಗಳಲ್ಲಿ ಬಿಡುಗಡೆ ಮಾಡುತ್ತಿದ್ದೇವೆ.

ಸುಣ್ಣದ ಇನ್ನೊಂದು ಗುಣವೂ ಪಾಠಕ್ಕೆ ಒದಗುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ಮರಳಿ ಪಡೆದು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾರೆ ಗಟ್ಟಿಯಾಗುವುದಕ್ಕೂ ಇದೇ ಕಾರಣ. ಸಿಮೆಂಟ್ ಕೂಡ ಹೀಗೆ ಮರಳಿ ಪಡೆಯುತ್ತದೆಯಾದರೂ ಅದು ನಿಧಾನ ಮತ್ತು ಭಾಗಶಃ. ಇಂಧನದ ಅನಿಲವಂತೂ ಮರಳುವುದಿಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಅದು ಹಾಲಿನಂತಾಗುವುದನ್ನು ಶಾಲೆಯ ಮಕ್ಕಳು ಮಾಡಿ ನೋಡಬಹುದು. ಕಾಣದ ಅನಿಲವನ್ನು ಕಾಣಿಸುವ ಈ ಪ್ರಯೋಗಕ್ಕೆ ಬೇಕಾದುದೆಲ್ಲ ಊರಿನಲ್ಲಿಯೇ ಇದೆ.

ಅನಿಲವು ಶಾಖವನ್ನು ಹೇಗೆ ತಡೆಯುತ್ತದೆ ಎಂಬುದಕ್ಕೂ ಗಾಜಿನ ಮನೆ ಬೇಕಿಲ್ಲ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ನೆಲ ಬೇಗ ತಣಿಯುತ್ತದೆ, ಇಬ್ಬನಿ ಬೀಳುತ್ತದೆ. ಮೋಡ ಕವಿದ ರಾತ್ರಿ ನೆಲ ತಣಿಯದು. ಹಗಲು ಕಾದ ನೆಲ ರಾತ್ರಿ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡ ಅದನ್ನು ಕಂಬಳಿಯಂತೆ ತಡೆಯುತ್ತದೆ. ಇಂಗಾಲದ ಡೈ ಆಕ್ಸೈಡ್ ಹಗಲೂ ರಾತ್ರಿಯೂ ಹೊದಿಸಿದ, ಕಣ್ಣಿಗೆ ಕಾಣದ ಕಂಬಳಿ. ಅದು ಮೊದಲಿನಿಂದಲೂ ಇದೆ, ಇರಲೇಬೇಕು. ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ತೊಂದರೆ ಇರುವುದು ಅದು ದಪ್ಪವಾಗುತ್ತಿರುವುದರಲ್ಲಿ.

೬. ಪ್ರಕೃತಿಸಹಜವೇ?

ಕಂಬಳಿ ದಪ್ಪವಾಗುತ್ತಿರುವುದಕ್ಕೆ ಅಳತೆಯ ಆಧಾರವಿದೆ. ಯೂನಿಸ್ ಫೂಟ್ ೧೮೫೬ರಲ್ಲಿ, ಜಾನ್ ಟಿಂಡಲ್ ೧೮೫೯ರಲ್ಲಿ ಅನಿಲಗಳ ಶಾಖಗ್ರಹಣವನ್ನು ಪರೀಕ್ಷಿಸಿದರು. ಸ್ವಾಂಟೆ ಅರ್ಹೇನಿಯಸ್ ೧೮೯೬ರಲ್ಲಿ ಅನಿಲ ಹೆಚ್ಚಿದರೆ ಭೂತಾಪ ಎಷ್ಟು ಹೆಚ್ಚೀತೆಂದು ಲೆಕ್ಕ ಹಾಕಿದರು. ಚಾರ್ಲ್ಸ್ ಕೀಲಿಂಗ್ ೧೯೫೮ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೩೧೫ ಭಾಗ ಈ ಅನಿಲವಿತ್ತು. ೨೦೨೪ರ ಸರಾಸರಿ ೪೨೦ನ್ನು ಮೀರಿತು. ಕೈಗಾರಿಕಾ ಕ್ರಾಂತಿಗೆ ಮುನ್ನ ಅದು ಸುಮಾರು ೨೮೦.

ಸೂರ್ಯನೇ ಹೆಚ್ಚು ಕಾಯುತ್ತಿದ್ದಾನೆಂಬ ವಾದಕ್ಕೂ ಉತ್ತರವಿದೆ. ೧೯೭೦ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಅದರಲ್ಲಿ ಏರುಮುಖ ಕಂಡಿಲ್ಲ. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಸ್ತರವೂ ಕಾಯಬೇಕಿತ್ತು. ಕೆಳಗಿನದು ಕಾಯುತ್ತಿದೆ, ಮೇಲಿನದು ತಣಿಯುತ್ತಿದೆ. ಕಂಬಳಿಯ ಲಕ್ಷಣವೇ ಇದು. ಮನುಷ್ಯನ ಪ್ರಭಾವ ನಿಸ್ಸಂದಿಗ್ಧವೆಂದು ಐಪಿಸಿಸಿಯ ೨೦೨೧ರ ವರದಿ ತೀರ್ಮಾನಿಸಿತು.

೭. ತಿಳಿವಳಿಕೆಯ ಹೊಣೆ

ಈ ಚರ್ಚೆಯಿಂದ ದಂಡೋತಿಯ ಅಥವಾ ವಾಡಿಯ ಜನರ ಮೇಲೆ ತಪ್ಪು ಹೊರಿಸುವುದು ಸಲ್ಲದು. ಇಲ್ಲಿನ ಸಿಮೆಂಟ್ ಹೆಚ್ಚಾಗಿ ಕಟ್ಟುವುದು ದೂರದ ನಗರಗಳನ್ನು. ಭಾರತದ ತಲಾ ಹೊರಸೂಸುವಿಕೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಆದರೆ ತಮ್ಮ ನೆಲದಲ್ಲಿ ನಡೆಯುವುದನ್ನು ತಮ್ಮ ಭಾಷೆಯಲ್ಲಿ ಅರಿತು ಪ್ರಶ್ನಿಸುವ ಹಕ್ಕು ಇಲ್ಲಿನ ಜನರಿಗಿದೆ. ೨೦೦೬ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ಅಹವಾಲು ಸಭೆಗೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಜನರು ಎತ್ತಿದ ವಿಷಯಗಳೂ ಸ್ಥಳೀಯ ಭಾಷೆಯಲ್ಲಿ ದಾಖಲಾಗಬೇಕು. ಧೂಳು, ನೀರು, ಉದ್ಯೋಗಗಳ ಪ್ರಶ್ನೆಗಳನ್ನು ಕೇಳಲು ಜನರಿಗೆ ಪದಗಳಿವೆ. ಕಲ್ಲಿನಿಂದ ಹೊರಡುವ ಅನಿಲವೆಷ್ಟು, ಹಾರುಬೂದಿ ಅಥವಾ ಸುಟ್ಟ ಜೇಡಿಮಣ್ಣು ಬೆರೆಸಿ ಕ್ಲಿಂಕರಿನ ಪ್ರಮಾಣ ತಗ್ಗಿಸಲು ಏನು ಯೋಜನೆಯಿದೆ ಎಂಬ ಪ್ರಶ್ನೆಗೆ ಪದಗಳೇ ಇಲ್ಲದಿದ್ದರೆ ಆ ಪ್ರಶ್ನೆ ದಾಖಲೆಗೆ ಬರುವುದಿಲ್ಲ. ದಾಖಲೆಗೆ ಬಾರದ ಪ್ರಶ್ನೆಗೆ ಉತ್ತರಿಸುವ ಹೊಣೆ ಯಾರಿಗೂ ಇರುವುದಿಲ್ಲ.

ಒಟ್ಟಾರೆಯಾಗಿ, ಕನ್ನಡ ವಿಭಾಗಗಳು ಪಾರಿಭಾಷಿಕ ಪದಗಳ ಅನುವಾದಕ್ಕೆ ನಿಲ್ಲದೆ, ಆ ಪದಗಳು ಜನರ ಮನಸ್ಸಿನಲ್ಲಿ ಯಾವ ಚಿತ್ರವನ್ನು ಮೂಡಿಸುತ್ತವೆಂಬುದನ್ನು ಪ್ರದೇಶವಾರು ಪರೀಕ್ಷಿಸಬೇಕಾಗಿದೆ. ಹವಾಮಾನ-ವಾಯುಗುಣಗಳ ಭೇದವನ್ನು ಪತ್ರಿಕಾಭಾಷೆಯಲ್ಲಿ ನೆಲೆಗೊಳಿಸುವುದು, ಹಸಿರುಮನೆಯ ಬದಲಿಗೆ ಕಂಬಳಿಯ ರೂಪಕವನ್ನು ಪಾಠಗಳಲ್ಲಿ ಬಳಸುವುದು, ಸುಣ್ಣದ ಭಟ್ಟಿಯಿಂದ ಇಂಗಾಲದ ಪಾಠವನ್ನು ಆರಂಭಿಸುವುದು ಈ ಭಾಗದ ಮಟ್ಟಿಗೆ ಕೂಡಲೇ ಸಾಧ್ಯವಿರುವ ಕಾರ್ಯಗಳು. ‘ಕಾಲ ಕೆಟ್ಟದ’ ಎನ್ನುವ ರೈತನಿಗೆ ಕಾರಣವನ್ನು ಹೇಳುವ ಮಾತು, ಅವನ ಹೊಲದ ಕೆಳಗಿನ ಕಲ್ಲಿನಿಂದಲೇ ಹುಟ್ಟಬಲ್ಲದು.