ಓಟಗಾರರಿಗೆ ಕೊಡತಕ್ಕ ಸಣ್ಣ ಕಾಣಿಕೆಗಳು



ಬೆಳಗಿನ ಜಾವ ಕುಬಟೂರಿನಿಂದ ಆನವಟ್ಟಿಯ ಕಡೆಗೆ ಹೋಗುವ ರಸ್ತೆಯಲ್ಲಾಗಲಿ, ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಯಾವುದಾದರೂ ಕೆರೆಯ ಏರಿಯ ಮೇಲಾಗಲಿ ನಿಂತು ನೋಡಿದರೆ, ಓಡುತ್ತಿರುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಕೆಲವು ಕಡೆ ಹೆಣ್ಣುಮಕ್ಕಳೂ ಓಡುತ್ತಾರೆ. ಇವರಲ್ಲಿ ಬಹುಮಂದಿ ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬ ಆಸೆಯುಳ್ಳವರು. ಇತ್ತೀಚಿನ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಪ್ರಕಟಣೆಗಳಲ್ಲಿ, ಗಂಡಸರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೂ, ಹೆಂಗಸರು 400 ಮೀಟರ್ ದೂರವನ್ನು 2 ನಿಮಿಷದೊಳಗೂ ಓಡಬೇಕೆಂಬ ನಿಯಮವಿದೆ. ನಾಲ್ಕು ಸೆಕೆಂಡು ತಡವಾದರೂ ಓದಿದ್ದೆಲ್ಲ ವ್ಯರ್ಥವಾಗುತ್ತದೆ. ಆದಕಾರಣ ಒಂದು ಮನೆಯ ಮುಂದಿನ ಬದುಕು ಈ ಬೆಳಗಿನ ಓಟವನ್ನು ನಂಬಿಕೊಂಡಿದೆಯೆಂದರೆ ತಪ್ಪಿಲ್ಲ.

ಆದರೆ ಅದೇ ಏರಿಯ ಮೇಲೆ ಹೊತ್ತು ಮೂಡಿದ ನಂತರ ನೋಡಿದರೆ ಖಾಲಿ ನೀರಿನ ಬಾಟಲಿಗಳು, ಬಿಸ್ಕತ್ತಿನ ಮತ್ತು ಸಿಹಿ ಪುಡಿಯ ಪೊಟ್ಟಣಗಳು ಬಿದ್ದಿರುತ್ತವೆ. ಹತ್ತು ಗಂಟೆಗೆ ನಮ್ಮ ದನಗಳು ಮೇಯಲು ಹೋಗುವುದು ಅಲ್ಲಿಗೇ. ಓಡುವವರಿಗೆ ನಿಜವಾಗಿ ಏನು ಬೇಕು, ಅದನ್ನು ಊರಿಗೆ ಕೇಡಾಗದಂತೆ ಒದಗಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಓಟ ರೈತರಿಗೆ ಹೊಸದಲ್ಲ

ಓಟವು ಪೇಟೆಯವರ ಹವ್ಯಾಸವೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ನಡೆದ ಪಂದ್ಯಗಳಲ್ಲಿ ದೂರದ ಓಟ ಓಡಿದವರು ಬರಿಗಾಲಿನ ರೈತರು. ಅವರ ಓಟವನ್ನು ಕಂಡ ಸರ್ ದೊರಾಬ್ಜಿ ಟಾಟಾ ಅವರು, ಇಂಥವರನ್ನು ಒಲಿಂಪಿಕ್ ಕ್ರೀಡೆಗಳಿಗೆ ಕಳುಹಿಸಬೇಕೆಂದು ಮನಸ್ಸು ಮಾಡಿದರು. ಅದರ ಫಲವಾಗಿ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹೋದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರೂ ಒಬ್ಬರು. 42 ಕಿಲೋಮೀಟರಿಗೂ ಹೆಚ್ಚಿನ ಮ್ಯಾರಥಾನ್ ಓಟವನ್ನು ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು.

ಅಷ್ಟು ದೂರ ಏಕೆ ಹೋಗಬೇಕು? ದೀಪಾವಳಿಯ ನಂತರ ನಮ್ಮಲ್ಲೇ ನಡೆಯುವ ಹೋರಿ ಹಬ್ಬವನ್ನು ನೋಡಿರಿ. ಕೊಬ್ಬರಿ ಸರ ಕಟ್ಟಿದ ಹೋರಿಯ ಹಿಂದೆ ಓಡಿ ಸರ ಹರಿದವನಿಗೆ ಆ ಕೊಬ್ಬರಿಯೇ ಬಹುಮಾನ. ಅಪಾಯವುಳ್ಳ ಆಟವಾದ್ದರಿಂದ ಎಚ್ಚರಿಕೆ ಬೇಕು ಎಂಬ ಮಾತು ಬೇರೆ. ಆದರೆ ಓಡಿದವನಿಗೆ ಹೊಟ್ಟೆಗಾಗುವ ವಸ್ತುವನ್ನೇ ಬಹುಮಾನವಾಗಿ ಕೊಡುವ ಪದ್ಧತಿ ನಮ್ಮದೇ ಎಂಬುದನ್ನು ಮರೆಯಬಾರದು.

ದನದ ಹೊಟ್ಟೆಗೆ ಹೋಗುವ ಕಸ

ಸಿಹಿಯೋ ಉಪ್ಪೋ ಅಂಟಿಕೊಂಡಿರುವ ಪೊಟ್ಟಣವನ್ನು ದನ ವಾಸನೆ ಹಿಡಿದು ತಿನ್ನುತ್ತದೆ. ದನದ ಮೊದಲ ಹೊಟ್ಟೆಯಲ್ಲಿ ಹುಲ್ಲು ಕೊಳೆತು ಅರಗುತ್ತದೆ. ಪ್ಲಾಸ್ಟಿಕ್ ಅರಗುವುದಿಲ್ಲ, ಸುಲಭವಾಗಿ ಹೊರಕ್ಕೂ ಬರುವುದಿಲ್ಲ. ಒಂದರ ಮೇಲೊಂದು ಸೇರಿ ಉಂಡೆಯಾಗಿ ಹೊಟ್ಟೆಯಲ್ಲಿ ಉಳಿಯುತ್ತದೆ. ಆಗ ದನ ಮೇವು ಬಿಡುತ್ತದೆ, ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ. ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಎಲ್ಲ ದನಗಳೂ ಅಷ್ಟರವರೆಗೆ ಬದುಕುವುದಿಲ್ಲ.

ಕಸಕ್ಕೆ ಬೆಂಕಿ ಹಚ್ಚುವುದೂ ತಕ್ಕದ್ದಲ್ಲ. ಪ್ಲಾಸ್ಟಿಕ್ಕಿನ ಹೊಗೆ ವಿಷಕರವಾದುದು. ಆಳವಾಗಿ ಉಸಿರೆಳೆಯುತ್ತಾ ಓಡುವವರೇ ಅದನ್ನು ಹೆಚ್ಚಾಗಿ ಕುಡಿಯಬೇಕಾಗುತ್ತದೆ.

ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದವನ್ನು ನಿಷೇಧಿಸಲಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ಆದರೆ ದೇಶದ ಆ ಪಟ್ಟಿಯಲ್ಲಿ ನೀರಿನ ಬಾಟಲಿ ಸೇರಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಾವೇ ಕಟ್ಟು ಮಾಡಿಕೊಳ್ಳಬೇಕಾಗಿದೆ.

ಒಂದು ಸಣ್ಣ ಲೆಕ್ಕ

ಹತ್ತು ಹುಡುಗರು ದಿನಕ್ಕೆ ಒಂದೊಂದು ಬಾಟಲಿ ನೀರು ಕೊಂಡರೆಂದು ಇಟ್ಟುಕೊಳ್ಳಿರಿ. ತಿಂಗಳಲ್ಲಿ 25 ದಿನಕ್ಕೆ 250 ಬಾಟಲಿಗಳಾದುವು. ಬಾಟಲಿಗೆ 20 ರೂಪಾಯಿಯಂತೆ 5,000 ರೂಪಾಯಿ. ಈ ಹಣ ಕೆರೆಯ ಏರಿಯ ಮೇಲೆ ಕಸವಾಗಿ ಬೀಳುವುದಕ್ಕಿಂತ ಬೂಟಿಗೋ ಪರೀಕ್ಷೆಯ ಪುಸ್ತಕಕ್ಕೋ ಆದರೆ ಲೇಸಲ್ಲವೇ? ಓಟ ಶುರುವಾಗುವ ಜಾಗದಲ್ಲಿ ಮುಚ್ಚಳವುಳ್ಳ ಒಂದು ಕೊಡ ನೀರು, ಎತ್ತಿಕೊಳ್ಳಲು ಒಂದು ಸೌಟು, ಹತ್ತು ಸ್ಟೀಲ್ ಲೋಟ ಇಟ್ಟರೆ ಸಾಕು. ಕಾಯಿಸಿ ಆರಿಸಿದ ನೀರಾದರೆ ಉತ್ತಮ. ಸರದಿಯ ಪ್ರಕಾರ ದಿನಕ್ಕೊಂದು ಮನೆಯವರು ಇದನ್ನು ವಹಿಸಿಕೊಳ್ಳಬಹುದು.

ದೊಡ್ಡ ಪಟ್ಟಣದವರೂ ಈ ಕಷ್ಟವನ್ನು ಬಲ್ಲರು. ಲಂಡನ್ ಮ್ಯಾರಥಾನ್ ಓಟದಲ್ಲಿ ಲಕ್ಷಗಟ್ಟಲೆ ಬಾಟಲಿ ಖರ್ಚಾಗುತ್ತಿದ್ದುದರಿಂದ, 2019ರಲ್ಲಿ ಅಲ್ಲಿ ಸಮುದ್ರದ ಪಾಚಿಯಿಂದ ಮಾಡಿದ, ಬಾಯಲ್ಲಿಟ್ಟು ನುಂಗಬಹುದಾದ ಪಾನೀಯದ ಸಣ್ಣ ಚೀಲಗಳನ್ನು ಹಂಚಿ ನೋಡಿದರು. ನಮಗೆ ಅಷ್ಟು ಖರ್ಚು ಬೇಡ. ಕೊಡ ಮತ್ತು ಲೋಟ ಪ್ರತಿ ಮನೆಯಲ್ಲೂ ಇವೆ.

ಓಡುವವರ ಆಹಾರ

ಓಟಕ್ಕೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಸಾಕು. ಹೊಟ್ಟೆ ತುಂಬ ತಿಂದು ಓಡಬಾರದು. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಇಲ್ಲವೆ ರಾಗಿ ಅಂಬಲಿ, ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು, ಶೇಂಗಾ ಮತ್ತು ಬೆಲ್ಲ ಕೊಡಬಹುದು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಸುಣ್ಣದ ಅಂಶವಿದ್ದು ಎಲುಬಿಗೆ ಒಳ್ಳೆಯದು. ಬೇಸಿಗೆಯಲ್ಲಿ ಬೆವರು ಬಹಳ ಹರಿದು ಸುಸ್ತಾದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಇಲ್ಲಿ ಚಮಚವೆಂದರೆ ಟೀ ಚಮಚ.

ಬಣ್ಣದ ಪೊಟ್ಟಣದ ಪುಡಿಯಿಂದ ಬಲ ಬರುತ್ತದೆಂದು ನಂಬಿ ಹಣ ಕಳೆಯುವ ಅಗತ್ಯವಿಲ್ಲ. ಹೆಣ್ಣುಮಕ್ಕಳು ಬೇಗ ಆಯಾಸಪಡುತ್ತಿದ್ದರೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ರಕ್ತ ಕಡಿಮೆಯಿರಬಹುದು. ಆನವಟ್ಟಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಓಡುವ ಜಾಗ ಮತ್ತು ಕ್ರಮ

ಕತ್ತಲಲ್ಲಿ ರಸ್ತೆಯ ಮೇಲೆ ಓಡುವುದು ಅಪಾಯ. ಕೊಯ್ಲಾದ ಗದ್ದೆಯನ್ನೋ ಶಾಲೆಯ ಬಯಲನ್ನೋ ಆರಿಸಿಕೊಳ್ಳಿರಿ. 20 ಮೀಟರ್ ಹಗ್ಗವನ್ನು 20 ಬಾರಿ ಹಾಕಿ ಅಳೆದು ಸುತ್ತು ಗುರುತು ಮಾಡಿದರೆ 400 ಮೀಟರಾಯಿತು. ನಾಲ್ಕು ಸುತ್ತಿಗೆ 1600 ಮೀಟರ್. ಒಂದೊಂದು ಸುತ್ತನ್ನೂ 97 ಸೆಕೆಂಡಿನಲ್ಲಿ ಮುಗಿಸುವವನು 6 ನಿಮಿಷ 28 ಸೆಕೆಂಡಿಗೆ ಗುರಿ ಮುಟ್ಟುತ್ತಾನೆ. ಹೊಸ ಎತ್ತಿಗೆ ಮೊದಲ ದಿನವೇ ಇಡೀ ಹೊತ್ತು ನೊಗ ಹೂಡುವುದಿಲ್ಲ. ಹಾಗೆಯೇ ವಾರಕ್ಕೆ ಎರಡು ದಿನ ಮಾತ್ರ ಬಿರುಸಿನ ಓಟ, ಉಳಿದ ದಿನ ಮಾತನಾಡುತ್ತಾ ಓಡುವಷ್ಟು ನಿಧಾನ, ಒಂದು ದಿನ ವಿಶ್ರಾಂತಿ ಇರಬೇಕು.

ರಸ್ತೆಯಲ್ಲೇ ಓಡಬೇಕಾಗಿ ಬಂದರೆ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ಓಡಿರಿ. ಬಿಳಿ ಅಂಗಿ ಹಾಕಿಕೊಳ್ಳಿರಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿರಿ.

ಬೂಟು ಒದ್ದೆಯಾದರೆ ಒಲೆಯ ಬಳಿ ಇಡಬಾರದು, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆಯ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಿರಿ. ಬಾಯಿ ಬಿಟ್ಟ ಬೂಟನ್ನು ಎಸೆಯುವ ಮೊದಲು ಹೊಲಿಸಿ ನೋಡಿರಿ. ಅಡಿ ಸವೆಯದೆ ಅಳತೆ ಮಾತ್ರ ಚಿಕ್ಕದಾಗಿದ್ದರೆ ತೊಳೆದು ಕಿರಿಯರಿಗೆ ಕೊಡಿರಿ.

ಏನು ಕೊಡಬೇಕು?

ಗ್ರೀಸ್ ದೇಶದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. 1896ರಲ್ಲಿ ಅಥೆನ್ಸ್ ನಗರದಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಎಂಬಾತ ನೀರು ಹೊತ್ತು ಮಾರುತ್ತಿದ್ದ ಹಳ್ಳಿಗ. ಏನು ಬೇಕೋ ಕೇಳು ಎಂದು ಅರಸನು ಹೇಳಿದಾಗ, ನೀರು ಸಾಗಿಸಲು ಒಂದು ಕತ್ತೆಯ ಗಾಡಿ ಸಾಕೆಂದನಂತೆ. ಉಪಯೋಗಕ್ಕೆ ಬರುವ ಕಾಣಿಕೆ ಎಂದರೆ ಇದು. ನಮ್ಮ ಊರ ಪಂದ್ಯಗಳಲ್ಲಿ ಕೊಡುವ ಪ್ಲಾಸ್ಟಿಕ್ ಕಪ್ಪು ಗೂಡಿನಲ್ಲಿ ಧೂಳು ಹಿಡಿದು ಮುರಿದುಹೋಗುತ್ತದೆ. ಅದರ ಬದಲು ಈ ಕೆಳಗಿನವುಗಳನ್ನು ಯೋಚಿಸಿರಿ:

1. ಎರಡು ಜೊತೆ ಹತ್ತಿ ಬೆರೆತ ಕಾಲುಚೀಲ.
2. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಇಲ್ಲವೆ ಚಿಕ್ಕ ಟಾರ್ಚು.
3. ದಿನದ ಓಟದ ದೂರ ಮತ್ತು ಕಾಲ ಬರೆದಿಡಲು ಒಂದು ಪುಸ್ತಕ, ಪೆನ್ಸಿಲು.
4. ಸ್ಟೀಲ್ ನೀರಿನ ಬಾಟಲಿ.
5. ಡಬ್ಬಿಯಲ್ಲಿ ಶೇಂಗಾ ಬೆಲ್ಲದ ಉಂಡೆ. ಡಬ್ಬಿ ಹಿಂದಕ್ಕೆ ಬರಲಿ, ಮತ್ತೆ ತುಂಬಬಹುದು.
6. ಗೆದ್ದವರಿಗೆ ಕೊಬ್ಬರಿ, ಒಂದು ಕಸಿ ಮಾವಿನ ಇಲ್ಲವೆ ಹಲಸಿನ ಗಿಡ.

ಪಂದ್ಯದ ದಿನ ಉಪ್ಪಿಟ್ಟು ಕೊಡುವುದಾದರೆ ಅಡಿಕೆ ಹಾಳೆಯ ತಟ್ಟೆಯಲ್ಲಿ ಕೊಡಿರಿ. ಉಂಡ ನಂತರ ಅದು ಗೊಬ್ಬರದ ಗುಂಡಿಗೆ ಹೋಗುತ್ತದೆ.

ಇವೆಲ್ಲಕ್ಕಿಂತ ದೊಡ್ಡದೊಂದು ಕಾಣಿಕೆಯಿದೆ. ಅದಕ್ಕೆ ಹಣ ಬೇಡ. ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚಿ, ನೀರು ತಂದು, ಅಂಗಳ ಗುಡಿಸಿದ ಮೇಲೆ ಓಡಲು ಹೋಗು ಎಂದರೆ, ಮಗಳಿಗೆ ಓಡುವ ಹೊತ್ತೂ ಉಳಿಯುವುದಿಲ್ಲ, ಬಲವೂ ಉಳಿಯುವುದಿಲ್ಲ. ಅವಳ ಪರೀಕ್ಷೆ ಮುಗಿಯುವವರೆಗೆ ಕೊಟ್ಟಿಗೆಯ ಕೆಲಸವನ್ನು ಅಣ್ಣತಮ್ಮಂದಿರು ವಹಿಸಿಕೊಳ್ಳಲಿ. ಬಯಲಿನ ಅಂಚಿನಲ್ಲಿ ತಾಯಿಯೋ ಅಜ್ಜಿಯೋ ಕುಳಿತಿದ್ದರೆ ಇನ್ನೂ ನಾಲ್ಕು ಮನೆಯವರು ಧೈರ್ಯವಾಗಿ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸುತ್ತಾರೆ. ದಿನಕ್ಕೆ ಒಂದು ಗಂಟೆಯ ಬಿಡುವು ಮತ್ತು ಜೊತೆಗೊಬ್ಬರು, ಇಷ್ಟು ಸಿಕ್ಕಿದರೆ 400 ಮೀಟರನ್ನು 2 ನಿಮಿಷದಲ್ಲಿ ಓಡುವುದು ಆರೋಗ್ಯವಂತಳಾದ ಹುಡುಗಿಗೆ ಅಸಾಧ್ಯವೇನಲ್ಲ.

ಗ್ರಾಮಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಬೆಳಿಗ್ಗೆ ಓಡುವವರು ಎಷ್ಟು ಮಂದಿ? ಅವರಲ್ಲಿ ಹೆಣ್ಣುಮಕ್ಕಳೆಷ್ಟು?
2. ರಸ್ತೆಯನ್ನು ಬಿಟ್ಟು ಓಡಲು ಯಾವ ಜಾಗವನ್ನು ಅಳೆದು ಕೊಡಬಹುದು?
3. ನೀರಿನ ಕೊಡ ಇಡುವ ಸರದಿಯನ್ನು ಯಾರು ಬರೆದಿಡುತ್ತಾರೆ?
4. ಕೆರೆ ಏರಿಯಲ್ಲೂ, ಪುರಾತನವಾದ ಕೈಟಭೇಶ್ವರ ದೇವಾಲಯದ ಸುತ್ತಲೂ ಈಗಾಗಲೇ ಬಿದ್ದಿರುವ ಬಾಟಲಿಗಳನ್ನು ಯಾವ ದಿನ ಆರಿಸುವಿರಿ? ಪಂಚಾಯತಿಯ ಕಸದ ಗಾಡಿಗೆ ಅವನ್ನು ಒಪ್ಪಿಸುವವರು ಯಾರು?
5. ಮುಂದಿನ ಊರ ಪಂದ್ಯದಲ್ಲಿ ಕಪ್ಪಿನ ಬದಲು ಏನು ಕೊಡುವಿರಿ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿರಿ. ನೇಮಕಾತಿಯ ದೂರ ಮತ್ತು ಕಾಲದ ನಿಯಮಗಳು ಇಲಾಖೆಯಿಂದ ಇಲಾಖೆಗೆ ಬೇರೆಯಾಗಿರುತ್ತವೆ, ಬದಲಾಗುವುದೂ ಉಂಟು. ಆದ್ದರಿಂದ ಅರ್ಜಿ ಹಾಕುವ ಮೊದಲು ಆಯಾ ವರ್ಷದ ಪ್ರಕಟಣೆಯನ್ನು ಓದಿ, ಆ ಅಂಕಿಗಳನ್ನೂ ಅದೇ ಹಾಳೆಯ ತಲೆಯಲ್ಲಿ ಬರೆದಿಡತಕ್ಕದ್ದು.