ಹಕ್ಕಿಜ್ವರದ ವೈರಾಣು ಸಸ್ತನಿಗಳಲ್ಲಿ ಉಗ್ರವಾಗುವುದೇಕೆ? ವರ್ತಕರು ತಿಳಿದಿರಬೇಕಾದ ಅಂಶಗಳು

ಹಕ್ಕಿಜ್ವರವು ಕೋಳಿ ಸಾಕಣೆದಾರರ ಸಮಸ್ಯೆ ಮಾತ್ರವೆಂಬ ಭಾವನೆ ವ್ಯಾಪಾರ ವಲಯದಲ್ಲಿದೆ. ವಾಸ್ತವದಲ್ಲಿ ಮೆಕ್ಕೆಜೋಳದ ವರ್ತಕರು, ಪಶು ಆಹಾರ ತಯಾರಕರು, ಮೊಟ್ಟೆಯ ಸಗಟು ವ್ಯಾಪಾರಿಗಳು ಹಾಗೂ ಸಾಗಾಣಿಕೆದಾರರ ವಹಿವಾಟೂ ಇದರೊಂದಿಗೆ ಹೆಣೆದುಕೊಂಡಿದೆ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಕುರೇಕುಪ್ಪ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯಲ್ಲಿ ಈ ರೋಗ ದೃಢಪಟ್ಟಿತು. ಅದಕ್ಕೂ ಮುನ್ನ ನಾಗಪುರದ ಗೋರೆವಾಡ ಕೇಂದ್ರದಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಎಚ್‌5ಎನ್‌1 ವೈರಾಣುವಿಗೆ ಬಲಿಯಾಗಿದ್ದವು. ಹಕ್ಕಿಯ ರೋಗ ಹುಲಿಯನ್ನು ಕೊಲ್ಲುವುದು ಹೇಗೆ?

1. ಕೀಲಿಯ ಬದಲಾವಣೆ

ವೈರಾಣುವಿನ ಹೊರಮೈಯಲ್ಲಿರುವ 'ಎಚ್' ಪ್ರೋಟೀನನ್ನು ಆಶ್ರಯ ನೀಡಿದ ಪ್ರಾಣಿಯ ಕಿಣ್ವವೊಂದು ಕತ್ತರಿಸಿದ ನಂತರವೇ ಸೋಂಕು ಮುಂದುವರಿಯುತ್ತದೆ. ಸೌಮ್ಯ ತಳಿಗಳಲ್ಲಿ ಈ ಕಾರ್ಯವನ್ನು ಶ್ವಾಸನಾಳ ಮತ್ತು ಕರುಳಿನ ಕಿಣ್ವಗಳು ಮಾತ್ರ ಮಾಡಬಲ್ಲವು. ಉಗ್ರ ತಳಿಗಳಲ್ಲಿ ಕತ್ತರಿಸುವ ಸ್ಥಳದಲ್ಲಿ ಆರ್ಜಿನೈನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಸಾಲಾಗಿ ಸೇರಿರುತ್ತವೆ. ಆಗ ದೇಹದ ಬಹುತೇಕ ಅಂಗಗಳಲ್ಲಿರುವ ಫ್ಯೂರಿನ್ ಎಂಬ ಕಿಣ್ವವೇ ಅದನ್ನು ಕತ್ತರಿಸುತ್ತದೆ. ಪರಿಣಾಮವಾಗಿ ಸೋಂಕು ಮಿದುಳಿನವರೆಗೂ ವ್ಯಾಪಿಸಬಲ್ಲದು.

2. ಯಂತ್ರದ ಹೊಂದಾಣಿಕೆ

ವೈರಾಣು ತನ್ನ ಪ್ರತಿಗಳನ್ನು ತಯಾರಿಸುವ ಯಂತ್ರದ ಒಂದು ಬಿಡಿಭಾಗ 'ಪಿಬಿ2'. ಹಕ್ಕಿಗಳ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮಾನವನ ಮೂಗು-ಗಂಟಲಿನಲ್ಲಿ ಸುಮಾರು 33 ಡಿಗ್ರಿ. ಹಕ್ಕಿಗೆ ಒಗ್ಗಿದ ಯಂತ್ರ ಇಲ್ಲಿ ನಿಧಾನಗೊಳ್ಳುತ್ತದೆ. ಆದರೆ ಪಿಬಿ2ರ 627ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಬಂದರೆ ಅದು ಸಸ್ತನಿಗಳ ಜೀವಕೋಶಗಳಲ್ಲಿ ಚುರುಕಾಗಿ ಕಾರ್ಯನಿರ್ವಹಿಸುತ್ತದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಎಚ್‌5ಎನ್‌1 ತಗುಲಿ 6 ಮಂದಿ ಮೃತಪಟ್ಟರು. ಆ ವೈರಾಣುಗಳನ್ನು ಇಲಿಗಳಲ್ಲಿ ಪರೀಕ್ಷಿಸಿದ ಯೋಶಿಹಿರೋ ಕವಾಓಕ ಅವರ ತಂಡವು ಈ ಒಂದೇ ಬದಲಾವಣೆಯು ಮಾರಕತೆಯನ್ನು ಬಹುವಾಗಿ ಹೆಚ್ಚಿಸುವುದೆಂದು 2001ರಲ್ಲಿ ತೋರಿಸಿತು. 701ನೇ ಸ್ಥಾನದ ಬದಲಾವಣೆಯೂ ಇಂತಹುದೇ.

ಆದರೆ ಒಂದು ಗುರುತೇ ಅಂತಿಮ ತೀರ್ಪಲ್ಲ. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹೈನುರಾಸುಗಳಿಂದ ಸೋಂಕು ತಗುಲಿದ ಕಾರ್ಮಿಕನ ವೈರಾಣುವಿನಲ್ಲಿ 627ರ ಬದಲಾವಣೆ ಇದ್ದರೂ ಆತನಿಗೆ ಕಣ್ಣು ಕೆಂಪಾದುದಷ್ಟೇ. ಮಾರಕತೆ ಬೇರೆ, ಮನುಷ್ಯರಿಂದ ಮನುಷ್ಯರಿಗೆ ಹರಡುವ ಶಕ್ತಿ ಬೇರೆ ಎಂಬುದನ್ನೂ ಗಮನಿಸಬೇಕು.

3. ನಮ್ಮ ಭಾಗಕ್ಕೆ ಇದರ ಸಂಬಂಧ

ವೈರಾಣು ಪ್ರತಿ ಬಾರಿ ಸಸ್ತನಿಯನ್ನು ಹೊಕ್ಕಾಗಲೂ ಇಂತಹ ಬದಲಾವಣೆಗಳಿಗೆ ಅವಕಾಶ ದೊರೆಯುತ್ತದೆ. ಶಹಾಪುರ ತಾಲ್ಲೂಕಿನ ಗೋಗಿಯಂತಹ ಗ್ರಾಮಗಳಲ್ಲಿ ಹಿತ್ತಲ ಕೋಳಿ, ಎಮ್ಮೆ, ನಾಯಿ, ಬೆಕ್ಕುಗಳು ಒಂದೇ ಅಂಗಳದಲ್ಲಿ ತಿರುಗಾಡುವುದು ಸಾಮಾನ್ಯ. ನೆರೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಸೇರಿದಂತೆ ಸಾವಿರಾರು ಕಾಡುಹಕ್ಕಿಗಳನ್ನು ಕೊಂದ ತಳಿಯಲ್ಲಿ 627ರ ಗುರುತು ಆಗಲೇ ಇತ್ತು. ಆದ್ದರಿಂದ ಸತ್ತ ಕೋಳಿಯನ್ನು ನಾಯಿಗೆ ಎಸೆಯುವುದು, ಕೆರೆಗೆ ಹಾಕುವುದು ಅಗ್ಗದ ವಿಲೇವಾರಿಯಲ್ಲ. ಅಪಾಯವನ್ನು ಮುಂದಿನ ಖಾತೆಗೆ ವರ್ಗಾಯಿಸುವ ಕ್ರಮ.

4. ಲೆಕ್ಕದ ದೃಷ್ಟಿಯಿಂದ

ಸರ್ಕಾರದ ಪರಿಹಾರವು ಆದೇಶದ ಮೇರೆಗೆ ಕೊಂದ ಹಕ್ಕಿಗಳಿಗೆ ಹಾಗೂ ನಾಶಪಡಿಸಿದ ಮೊಟ್ಟೆ, ಆಹಾರಗಳಿಗೆ ಸಲ್ಲುತ್ತದೆ. ರೋಗದಿಂದ ತಾವಾಗಿ ಸತ್ತ ಹಕ್ಕಿಗಳಿಗಲ್ಲ. ಮುಚ್ಚಿಟ್ಟ ಪ್ರತಿದಿನವೂ ಪರಿಹಾರದ ಮೊತ್ತವನ್ನು ಕರಗಿಸುತ್ತದೆ. ರೋಗ ಶಂಕೆಯನ್ನು ವರದಿ ಮಾಡುವುದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ಮಾಲೀಕರ ಕರ್ತವ್ಯವೂ ಹೌದು. ರೋಗ ದೃಢಪಟ್ಟರೆ 1 ಕಿ.ಮೀ. ಸೋಂಕು ವಲಯವೂ, 10 ಕಿ.ಮೀ.ವರೆಗೆ ನಿಗಾ ವಲಯವೂ ಘೋಷಣೆಯಾಗುತ್ತವೆ. ಆಗ ಒಬ್ಬರ ಮೌನದ ವೆಚ್ಚವನ್ನು ಸುತ್ತಲಿನವರೆಲ್ಲ ಭರಿಸಬೇಕಾಗುತ್ತದೆ.

ವರ್ತಕ ಬಾಂಧವರು ಅನುಸರಿಸಬೇಕಾದ ಕ್ರಮಗಳು ಇಷ್ಟೇ:

• ಅಸಹಜ ಸಾವು ಕಂಡೊಡನೆ ಪಶುವೈದ್ಯರಿಗೆ ತಿಳಿಸುವುದು.
• ಹಕ್ಕಿ, ಮೊಟ್ಟೆ, ಆಹಾರದ ದಾಸ್ತಾನು ವಹಿ ಮತ್ತು ಖರೀದಿ ರಸೀದಿಗಳನ್ನು ದಿನಾಂಕವಾರು ಇಡುವುದು.
• ಪಂಜರ, ತಟ್ಟೆ, ವಾಹನಗಳನ್ನು ಪ್ರತಿ ಸರಬರಾಜಿನ ನಂತರ ಸೋಂಕುರಹಿತಗೊಳಿಸುವುದು.
• ಹಸಿ ಮಾಂಸದ ತ್ಯಾಜ್ಯ ನಾಯಿ, ಬೆಕ್ಕುಗಳಿಗೆ ಸಿಗದಂತೆ ನೋಡಿಕೊಳ್ಳುವುದು.

ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಭಯವಿಲ್ಲ. 70 ಡಿಗ್ರಿ ಶಾಖಕ್ಕೆ ವೈರಾಣು ನಾಶವಾಗುತ್ತದೆ. ಗ್ರಾಹಕರಿಗೆ ಈ ಮಾತನ್ನು ಧೈರ್ಯವಾಗಿ ಹೇಳಬೇಕಾದರೆ ವರ್ತಕರ ಸ್ವಂತ ಅಂಗಳ ಮೊದಲು ಶುಚಿಯಾಗಿರಬೇಕು.