ಡಿಕಾಕ್ಷನ್ ಇಳಿಯುತ್ತಿಲ್ಲವೇ? ಫಿಲ್ಟರ್ ಕುಟ್ಟಬೇಡಿ

ಬೆಳಿಗ್ಗೆ ಆರಕ್ಕೆ ಹಾಕಿದ ಕಾಫಿ ಫಿಲ್ಟರ್ ಆರೂವರೆಯಾದರೂ ತೊಟ್ಟಿಕ್ಕುತ್ತಲೇ ಇದ್ದರೆ ಬಹಳ ಮನೆಗಳಲ್ಲಿ ಮಾಡುವುದು ಎರಡೇ ಕೆಲಸ. ಒಂದೋ ಅಡುಗೆಕಟ್ಟೆಯ ಮೇಲೆ ಅದನ್ನು ಟಕಟಕನೆ ಕುಟ್ಟುತ್ತಾರೆ, ಇಲ್ಲವೇ ಮಾರನೆಯ ದಿನ ಪಿನ್ನು ಹಿಡಿದು ತಳದ ತೂತುಗಳನ್ನು ಚುಚ್ಚುತ್ತಾರೆ. ಎರಡರ ಹಿಂದೆಯೂ ಇರುವುದು ತೂತು ಕಟ್ಟಿಕೊಂಡಿದೆ ಎಂಬ ಊಹೆ. ಆ ಊಹೆ ಸರಿಯೇ ಎಂದು ನೋಡುವುದು ಸುಲಭ. ಪುಡಿ ಹಾಕದೆ ಮೇಲಿನ ಪಾತ್ರೆಗೆ ಒಂದು ಲೋಟ ನೀರು ಸುರಿಯಿರಿ. ನೀರು ಸರಸರನೆ ಇಳಿದುಹೋದರೆ ತೂತಿನ ತಪ್ಪೇನೂ ಇಲ್ಲ. ನೀರನ್ನು ತಡೆದದ್ದು ಪುಡಿ. ಫಿಲ್ಟರಿನಲ್ಲಿ ನಿಜವಾಗಿ ಸೋಸುವುದು ಸ್ಟೀಲಿನ ತಳವಲ್ಲ, ಅದರ ಮೇಲೆ ಕೂತ ಪುಡಿಯ ಹಾಸು. ತಳ ಆ ಹಾಸನ್ನು ಹೊತ್ತು ನಿಂತಿರುತ್ತದೆ, ಅಷ್ಟೆ. ಹಾಗಾಗಿ ರಿಪೇರಿ ಆಗಬೇಕಾದದ್ದು ಹಾಸಿಗೆ. ಪಿನ್ನಿನಿಂದ ಚುಚ್ಚಿ ತೂತು ದೊಡ್ಡದು ಮಾಡಿಕೊಂಡವರಿಗೆ ಸಿಗುವುದು ಲೋಟದ ತಳದಲ್ಲಿ ಗಷ್ಟು ಮಾತ್ರ, ಬೇಗ ಇಳಿಯುವ ಡಿಕಾಕ್ಷನ್ ಅಲ್ಲ.

ಮರಳಿನ ಹಾಸಿನಲ್ಲಿ ನೀರು ಹೇಗೆ ಇಳಿಯುತ್ತದೆ ಎಂಬುದನ್ನು ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲೇ ಅಳೆದು ತೋರಿಸಿದ್ದ. ಹಾಸು ದಪ್ಪವಾದಷ್ಟೂ ಹರಿವು ನಿಧಾನ, ಮೇಲೆ ನಿಂತ ನೀರು ಹೆಚ್ಚಿದಷ್ಟೂ ಜೋರು. ಆಮೇಲಿನವರು ಇದಕ್ಕೆ ಕಣದ ಗಾತ್ರದ ಲೆಕ್ಕ ಸೇರಿಸಿದರು: ಕಣ ಅರ್ಧದಷ್ಟು ಸಣ್ಣದಾದರೆ ಹರಿವು ಹೆಚ್ಚುಕಡಿಮೆ ಕಾಲುಭಾಗಕ್ಕೆ ಬೀಳುತ್ತದೆ. ನಮ್ಮ ಅಡುಗೆಮನೆಗೆ ಬೇಕಾದದ್ದು ಈ ಕೊನೆಯ ಮಾತು. ಪುಡಿ ಒಂದಿಷ್ಟು ನುಣುಪಾದರೂ ಹದಿನೈದು ನಿಮಿಷದ ಕೆಲಸ ಒಂದು ಗಂಟೆಗೆ ಎಳೆಯುವುದು ಇದರಿಂದಲೇ. ಕಣ್ಣೆದುರೇ ಬೀಜ ಪುಡಿಮಾಡಿಕೊಡುವ ಅಂಗಡಿಗೆ ಹೋದಾಗ ಬರೀ ‘ಕಾಲು ಕೆ.ಜಿ. ಕೊಡಿ’ ಎನ್ನದೆ ‘ಫಿಲ್ಟರ್‌ಗೆ, ತೀರಾ ನೈಸ್ ಬೇಡ’ ಎಂದು ಹೇಳಿ. ಚಿಟಿಕೆ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ: ಚಿರೋಟಿ ರವೆಯಂತೆ ತರಿ ಸಿಗಬೇಕು, ಮೈದಾದಂತೆ ಜಾರಿ ಬೆರಳ ಗೆರೆಗಳಲ್ಲಿ ಮೆತ್ತಿಕೊಂಡರೆ ಅದು ಫಿಲ್ಟರಿಗೆ ಹೇಳಿದ್ದಲ್ಲ. ಮನೆಯ ಮಿಕ್ಸಿಯಲ್ಲಿ ಮಾಡಿದ ಪುಡಿ ಇನ್ನೂ ಕಷ್ಟ. ಅದರ ಬ್ಲೇಡು ಬೀಜವನ್ನು ಸಮನಾಗಿ ಅರೆಯದೆ ಸಿಕ್ಕಂತೆ ಒಡೆಯುವುದರಿಂದ ಚೂರೂ ಧೂಳೂ ಒಟ್ಟಿಗೇ ಬರುತ್ತವೆ, ಚೂರುಗಳ ನಡುವಿನ ಸಂದುಗಳಿಗೆ ಧೂಳು ಹೋಗಿ ಕೂರುತ್ತದೆ.

ಎರಡನೆಯ ಕಾರಣ ಚಿಕೋರಿ. ಅದು ಬೇರನ್ನು ಹುರಿದು ಮಾಡಿದ ಪುಡಿ. ನೀರು ಬಿದ್ದೊಡನೆ ಮೆತ್ತಗಾಗಿ ಅಂಟುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವಕ್ಕೇ ಗಂಟುಕಟ್ಟುತ್ತದೆ. ಬೆರಕೆ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು ಎಂಬ ನಿಯಮವಿದೆ. ಅಂದರೆ ನೂರರಲ್ಲಿ ನಲವತ್ತೊಂಬತ್ತು ಭಾಗದವರೆಗೂ ಚಿಕೋರಿ ಇರಬಹುದು, ಓದಿ ಕೊಳ್ಳಿ. ಚಿಕೋರಿ ಇಲ್ಲದೆ ಡಿಕಾಕ್ಷನ್ನಿಗೆ ಮೈಯೇ ಬರುವುದಿಲ್ಲ ಎಂಬ ವಾದ ಇದ್ದೇ ಇದೆ, ಅದರಲ್ಲಿ ನಿಜವೂ ಇದೆ. ಆದರೆ ಆ ಮೈಗೆ ನೂರರಲ್ಲಿ ಇಪ್ಪತ್ತು ಭಾಗ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಬಿಯರ್ ಮಾಡುವವರಿಗೂ ಇಂಥದೇ ತೊಡಕು ಎದುರಾಗುತ್ತದೆ. ಬಾರ್ಲಿಯ ಹೊಟ್ಟು ಹಾಸಿನಲ್ಲಿ ನೀರಿಗೆ ದಾರಿ ಬಿಡುತ್ತದೆ. ಗೋಧಿಗೆ ಆ ಹೊಟ್ಟಿಲ್ಲ, ಹೆಚ್ಚಾದರೆ ಅಂಬಲಿಯಂತೆ ಕಟ್ಟಿಕೊಂಡು ರಸ ಇಳಿಯುವುದೇ ನಿಲ್ಲುತ್ತದೆ. ಆಗ ಅವರು ಹಾಸನ್ನು ಸಡಿಲಿಸುತ್ತಾರೆ, ಮುಂದಿನ ಸಲಕ್ಕೆ ಭತ್ತದ ಹೊಟ್ಟು ಬೆರೆಸುತ್ತಾರೆ. ಕಾಫಿಗೆ ಬೆರೆಸಲು ಹೊಟ್ಟಿಲ್ಲ; ನಮ್ಮ ಕೈಯಲ್ಲಿರುವುದು ಅಂಟು ಕಡಿಮೆ ಮಾಡುವುದು, ತರಿ ಉಳಿಸಿಕೊಳ್ಳುವುದು.

ಇನ್ನು ಕುಟ್ಟುವ ವಿಷಯ. ಪುಡಿ ಹಾಕಿದ ಮೇಲೆ ಸಮ ಮಾಡಲೆಂದು ನಾಲ್ಕು ಸಲ ಕುಟ್ಟುವುದು, ಆಮೇಲೆ ಕೊಡೆಯಂಥ ಬಿಲ್ಲೆಯಿಂದ ಬಲವಾಗಿ ಒತ್ತುವುದು ಎಷ್ಟೋ ಮನೆಗಳಲ್ಲಿ ಕೈಗೆ ಹತ್ತಿದ ಅಭ್ಯಾಸ. ಅವಲಕ್ಕಿ ಡಬ್ಬಿಯನ್ನು ಅಲ್ಲಾಡಿಸಿದರೆ ಪುಡಿಯೆಲ್ಲ ತಳಕ್ಕೆ ಹೋಗುತ್ತದಲ್ಲ, ಫಿಲ್ಟರಿನಲ್ಲೂ ಆಗುವುದು ಅದೇ. ಪ್ರತಿ ಕುಟ್ಟಿಗೂ ಧೂಳಿನಂಥ ಕಣಗಳು ಜಾರಿ ಸರಿಯಾಗಿ ತೂತುಗಳ ಮೇಲೆಯೇ ಪದರಗಟ್ಟುತ್ತವೆ; ಒಟ್ಟು ಹಾಸಿನ ದಾರಿಯನ್ನು ಆ ಕಾಗದದಷ್ಟು ತೆಳುವಾದ ಪದರವೇ ಮುಚ್ಚಿಬಿಡುತ್ತದೆ. ಒತ್ತುವುದರಿಂದ ಡಿಕಾಕ್ಷನ್ ಗಟ್ಟಿಯಾಗುತ್ತದೆ ಎಂಬುದಕ್ಕೂ ಆಧಾರ ಅಷ್ಟಕ್ಕಷ್ಟೇ. ಗಟ್ಟಿತನ ಬರುವುದು ಪುಡಿ ಮತ್ತು ನೀರಿನ ಪ್ರಮಾಣದಿಂದ. ಬಿಲ್ಲೆ ಇರುವುದು ಸುರಿದ ನೀರು ಹಾಸನ್ನು ಕೆದಕದಂತೆ ನೋಡಿಕೊಳ್ಳಲು. ಅದನ್ನು ಇಟ್ಟರೆ ಸಾಕು, ಒತ್ತಬೇಕಿಲ್ಲ. ‘ನಿಂತ ಫಿಲ್ಟರನ್ನು ಕುಟ್ಟಿದರೆ ಮತ್ತೆ ಇಳಿಯುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಇಳಿಯುವುದು ನಿಜ, ಕಾರಣ ಬೇರೆ. ಡಿಕಾಕ್ಷನ್ ಕೆಳಗೆ ಬೀಳಬೇಕಾದರೆ ಕೆಳಗಿನ ಪಾತ್ರೆಯ ಗಾಳಿ ಹೊರಗೆ ಹೋಗಬೇಕು. ಎರಡೂ ಪಾತ್ರೆ ಬಿಗಿಯಾಗಿ ಕೂತು ಅಂಚಿಗೆ ನೀರಿನ ಪಸೆ ಹತ್ತಿದರೆ ಗಾಳಿಗೆ ದಾರಿಯೇ ಇರುವುದಿಲ್ಲ. ಕುಟ್ಟಿದಾಗ ಆ ಅಂಚು ಒಂದು ಕ್ಷಣ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಕುಟ್ಟುವುದೇಕೆ? ಮೇಲಿನ ಪಾತ್ರೆಯನ್ನು ಕೂದಲೆಳೆಯಷ್ಟು ಎತ್ತಿ, ಕಾಲು ಸುತ್ತು ತಿರುಗಿಸಿ ಕೂರಿಸಿ. ಮುಚ್ಚಳವನ್ನೂ ಓರೆಯಾಗಿಡಿ, ಮೇಲಿನಿಂದ ಗಾಳಿ ಬರಲಿ.

ಸರಿಯಾದ ಕ್ರಮ ಇಷ್ಟು. 30 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು. ಮೊದಲು ಫಿಲ್ಟರನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ; ತಣ್ಣಗಿನ ಸ್ಟೀಲು ಶಾಖ ಹೀರಿಬಿಡುತ್ತದೆ. ಪುಡಿ ಹಾಕಿ ಚಮಚದ ಹಿಂಬದಿಯಿಂದ ಮೇಲುಮೇಲೆ ಸಮ ಮಾಡಿ. ಎರಡು ಚಮಚ ಕುದಿನೀರು ಚಿಮುಕಿಸಿ ಅರ್ಧ ನಿಮಿಷ ಬಿಡಿ. ಹೊಸದಾಗಿ ಹುರಿದ ಪುಡಿ ಉಬ್ಬಿ, ಸಣ್ಣ ಗುಳ್ಳೆಗಳೊಡೆದು ಅನಿಲ ಹೊರಬೀಳುತ್ತದೆ. ಈ ಅನಿಲ ಒಳಗೇ ಉಳಿದರೆ ಅದೂ ದಾರಿಗೆ ಅಡ್ಡ. ಆಮೇಲೆ ಉಳಿದ ನೀರನ್ನು ಬಿಲ್ಲೆಯ ಮೇಲೆ ನಿಧಾನವಾಗಿ ಸುರಿಯಿರಿ. ನೀರು ಕುದಿಯುತ್ತಿರಲಿ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಕುದಿಯುವುದೇ ಸುಮಾರು 97 ಡಿಗ್ರಿಗೆ. ಆರಿಸಿ ಹಾಕಬೇಕಾದ ಅಗತ್ಯವಿಲ್ಲ. ತಣ್ಣೀರಿಗಿಂತ ಕುದಿನೀರು ಸುಮಾರು ಮೂರು ಪಟ್ಟು ಸಲೀಸಾಗಿ ಹರಿಯುತ್ತದೆ, ಹಾಗಾಗಿ ಅರ್ಧಕ್ಕೆ ನಿಂತ ಫಿಲ್ಟರ್ ತಣ್ಣಗಾದಂತೆ ಮತ್ತಷ್ಟು ನಿಲ್ಲುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಎಲ್ಲ ಸರಿಯಿದೆ. ಹಾಕಿದ ನೀರೆಲ್ಲ ಕೆಳಗೆ ಬರಲಿಲ್ಲವೆಂದು ಗಾಬರಿ ಬೇಡ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, 90 ಮಿಲಿಲೀಟರ್ ಸಿಕ್ಕರೆ ಅದೇ ಪೂರ್ತಿ.

ಇಷ್ಟಾದರೂ ನಿಂತರೆ ಮೊದಲು ಎತ್ತಿ ತಿರುಗಿಸಿ. ಆಗಲೂ ಇಳಿಯದಿದ್ದರೆ ಬಿಲ್ಲೆ ತೆಗೆದು, ಚಮಚದ ಹಿಡಿಯಿಂದ ಹಾಸಿನ ಮೇಲಿನ ಅರ್ಧವನ್ನು ಮಾತ್ರ ಮೆಲ್ಲಗೆ ಕಲಕಿ, ಎರಡು ನಿಮಿಷ ಬಿಟ್ಟು ಸ್ವಲ್ಪ ಕುದಿನೀರು ಸೇರಿಸಿ. ಫಿಲ್ಟರನ್ನು ಒಲೆಯ ಮೇಲೆ ಮಾತ್ರ ಇಡಬೇಡಿ. ಕೆಳಗಿನ ಗಾಳಿ ಹಿಗ್ಗಿ ಹಾಸನ್ನು ಮೇಲಕ್ಕೆ ದೂಡುತ್ತದೆ, ಬಿಸಿ ಡಿಕಾಕ್ಷನ್ ಕೈಮೇಲೆ ಚಿಮ್ಮಬಹುದು.

ಬರೀ ನೀರಿನ ಪರೀಕ್ಷೆಯಲ್ಲೂ ಫಿಲ್ಟರ್ ತೊಟ್ಟಿಕ್ಕಿದರೆ ಮಾತ್ರ ತೂತು ಕಟ್ಟಿದೆ ಎಂದರ್ಥ. ತಳವನ್ನು ಉರಿಗೆ ಹಿಡಿದರೆ ಕಾಫಿಯ ಜಿಡ್ಡು ಸುಡುತ್ತದೆ, ಆದರೆ ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ಹತ್ತುವ ಸುಣ್ಣದ ಬಿಳಿ ಪದರ ಉರಿಗೆ ಹೋಗುವುದಿಲ್ಲ. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಬಿಸಿಮಾಡಿ, ಸ್ಟೀಲ್ ಫಿಲ್ಟರನ್ನು ಅದರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬ್ರಶ್‌ನಿಂದ ಉಜ್ಜಿ ಎರಡು ಸಲ ತೊಳೆಯಿರಿ. ಹಿತ್ತಾಳೆಯದಾದರೆ ನೆನೆಸಬೇಡಿ, ಹುಣಸೆಹಣ್ಣಿನಿಂದ ತಿಕ್ಕಿ ಕೂಡಲೇ ತೊಳೆದುಬಿಡಿ.